ಇಟಲಿಗೆಂದು ಹೊರಟು ಮಳವಳ್ಳಿ ಮುಟ್ಟಿದ್ದು

ಮೊದಲೇ ಒಂದು ಮಾತು ಹೇಳಿಬಿಡುವುದು ಒಳ್ಳೆಯದು. ನಾನು ಇಟಲಿಯನ್ನು ನೋಡಿಲ್ಲ. ಆದರೆ ಇಟಲಿ ಪ್ರವಾಸದ ದಿನಚರಿ ನನಗೆ ಬಾಯಿಪಾಠವಾಗಿದೆ. ಎಂಟು ರಾತ್ರಿ, ಒಂಬತ್ತು ಹಗಲು. ಮೊದಲು ರೋಮ್, ಅಲ್ಲಿ ಕೊಲೋಸಿಯಂ, ಪಕ್ಕದಲ್ಲೇ ವ್ಯಾಟಿಕನ್. ಮೂರನೆಯ ದಿನ ಫ್ಲಾರೆನ್ಸ್, ಮೈಕೆಲ್ಯಾಂಜೆಲೋ ಕಡೆದ ಡೇವಿಡ್. ಆಮೇಲೆ ಅರ್ಧ ದಿನ ಪೀಸಾದ ವಾಲುಗೋಪುರ. ಕೊನೆಗೆ ವೆನಿಸ್, ಗೊಂಡೋಲಾ ದೋಣಿಯಲ್ಲಿ ಅರ್ಧ ಗಂಟೆ. ಇದೆಲ್ಲ ಅಚ್ಚಾಗಿರುವ ಬಣ್ಣದ ಪುಸ್ತಿಕೆಯೊಂದು ನಮ್ಮ ಮನೆಯ ಬೀರುವಿನಲ್ಲಿ ನಾಲ್ಕು ವರ್ಷದಿಂದ ಇದೆ. ಬೀರು ತೆರೆದಾಗಲೆಲ್ಲ ಅದು ಕಣ್ಣಿಗೆ ಬೀಳುತ್ತದೆ. ನಾನು ಬಾಗಿಲು ಮುಚ್ಚುತ್ತೇನೆ.

ಇಟಲಿಯೇ ಏಕೆ ಎಂದು ನೀವು ಕೇಳಬಹುದು. ನಮ್ಮ ಪೀಳಿಗೆಗೆ ವೆನಿಸ್ ಪರಿಚಯವಾದದ್ದು ಭೂಗೋಳದ ಪುಸ್ತಕದಿಂದಲ್ಲ. 1979ರ ‘ದಿ ಗ್ರೇಟ್ ಗ್ಯಾಂಬ್ಲರ್’ ಚಿತ್ರದಲ್ಲಿ ಅಮಿತಾಭ್ ಬಚ್ಚನ್ ಮತ್ತು ಜೀನತ್ ಅಮಾನ್ ಗೊಂಡೋಲಾದಲ್ಲಿ ಕುಳಿತು ಹೋಗುವ ಹಾಡು ದೂರದರ್ಶನದಲ್ಲಿ ಎಷ್ಟು ಸಲ ಬಂದಿತೋ ಲೆಕ್ಕವಿಲ್ಲ. ಮದುವೆಯಾದ ಹೊಸತರಲ್ಲಿ ಆ ಹಾಡು ಬಂದಾಗ ನನ್ನ ಹೆಂಡತಿಗೆ ನಾನು ಮಾತು ಕೊಟ್ಟಿದ್ದೆ: ಇಪ್ಪತ್ತನೆಯ ವರ್ಷಕ್ಕೆ ನಾವೂ ಅಲ್ಲಿಗೆ ಹೋಗೋಣ. ಆಗ ಇಪ್ಪತ್ತು ವರ್ಷ ಬಹಳ ದೂರದಲ್ಲಿತ್ತು. ದೂರದ ದಿನಾಂಕಕ್ಕೆ ಮಾತು ಕೊಡುವುದು ಗಂಡಸರಿಗೆ ಸುಲಭ.

ಬ್ಯಾಂಕಿನಲ್ಲಿ ಒಂದಿಷ್ಟು ಹಣವನ್ನೂ ಇಟ್ಟಿದ್ದೆವು. ಅದು ಕೈಗೆ ಬರುವ ಹೊತ್ತಿಗೆ ಮಗಳು ಪಿ.ಯು.ಸಿ. ಮುಗಿಸಿದ್ದಳು. ಮುಂದಿನದನ್ನು ನಾನು ಹೇಳಬೇಕಾಗಿಲ್ಲ, ಕಾಲೇಜಿನ ಶುಲ್ಕ ಕಟ್ಟಿದ ತಂದೆತಾಯಿಯರೆಲ್ಲ ಬಲ್ಲರು. ಈ ನಡುವೆ ಪಕ್ಕದ ಮನೆಯ ದಂಪತಿಗಳು ಇಟಲಿಗೆ ಹೋಗಿ ಬಂದು, ನಮ್ಮನ್ನು ಕಾಫಿಗೆ ಕರೆದು ಮುನ್ನೂರು ಚಿತ್ರಗಳನ್ನು ತೋರಿಸಿದರು. ಪೀಸಾದ ಗೋಪುರವನ್ನು ಅಂಗೈಯಿಂದ ತಡೆದು ನಿಲ್ಲಿಸಿದ ಹಾಗೆ ಅವರು ತೆಗೆಸಿಕೊಂಡ ಚಿತ್ರವೂ ಇತ್ತು. ಮನೆಗೆ ಬಂದ ಮೇಲೆ ನಾನು ಏನೋ ಸಮಾಧಾನ ಹೇಳಲು ಹೊರಟೆ. ಇವಳು ತಡೆದಳು.

“ರೀ, ಇಟಲಿ ಇರಲಿ. ನೀವು ಮಂಡ್ಯ, ಮದ್ದೂರು, ಮಳವಳ್ಳಿಗೆ ಶೂಟಿಂಗಿಗೆ ಅಂತ ಎಷ್ಟು ಸಲ ಹೋಗಿದ್ದೀರಿ?”

ಲೆಕ್ಕ ಹಾಕಿದೆ. ಹದಿನಾಲ್ಕೋ ಹದಿನೈದೋ ಸಲ.

“ಒಂದು ಸಲ ನನ್ನನ್ನೂ ಕರೆದುಕೊಂಡು ಹೋಗಿ. ಕ್ಯಾಮೆರಾ ಬೇಡ.”

ಈ ಮಾತಿನ ತೂಕ ನಿಮಗೆ ತಿಳಿಯಬೇಕಾದರೆ ಇನ್ನೊಂದು ಸಂಗತಿ ಹೇಳಬೇಕು. ನನ್ನ ಹೆಂಡತಿಯ ತವರು ಮಳವಳ್ಳಿಯ ಹತ್ತಿರದ ಒಂದು ಹಳ್ಳಿ. ಹನ್ನೊಂದು ವರ್ಷಗಳ ಹಿಂದೆ ನನ್ನ ಮಾವನವರು ತೀರಿಕೊಂಡ ದಿನ ನಾನು ಸಂಕಲನದ ಕೋಣೆಯಲ್ಲಿದ್ದೆ. ರಾತ್ರಿ ಪ್ರಸಾರವಾಗಬೇಕಿದ್ದ ಕಾರ್ಯಕ್ರಮ, ಕೈಯಲ್ಲಿ ಮೂರು ಗಂಟೆ. ಇವಳನ್ನೂ ಮಗಳನ್ನೂ ಕಾರು ಮಾಡಿ ಕಳಿಸಿ, ಮುಗಿಸಿ ಬರುತ್ತೇನೆ ಎಂದೆ. ಹೋಗುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಅವಳ ಅಣ್ಣ ನನಗೆ ಏನೂ ಹೇಳಲಿಲ್ಲ. ಅವಳಿಗೆ ಒಂದೇ ಮಾತು ಹೇಳಿದ: “ನಿಮ್ ಯಜಮಾನ್ರಿಗೆ ಟೀವಿನೇ ದೊಡ್ದು ಬುಡವ್ವ.” ತಿಥಿಯ ದಿನವೂ ನಾನು ಬೆಳಿಗ್ಗೆ ಹೋಗಿ ಸಂಜೆ ಬಂದೆ. ಅದಾದ ಮೇಲೆ ಇವಳು ತವರಿಗೆ ಹೋಗಲಿಲ್ಲ. ಅಣ್ಣನ ಮೇಲಿನ ಸಿಟ್ಟಿನಿಂದ ಎಂದು ನಾನು ತಿಳಿದುಕೊಂಡಿದ್ದೆ. ಹಾಗೆ ತಿಳಿದುಕೊಳ್ಳುವುದು ನನಗೆ ಅನುಕೂಲವಾಗಿತ್ತು.

ಕಳೆದ ಫೆಬ್ರವರಿಯಲ್ಲಿ, ಮದುವೆಯ ದಿನಕ್ಕೆ ಎರಡು ದಿನ ಮುಂಚೆ, ಬೆಂಗಳೂರಿನಲ್ಲಿ ಬೆಳಗಿನ ರೈಲು ಹತ್ತಿದೆವು. ಒಂದು ಚೀಲ, ಒಂದು ನೀರಿನ ಬಾಟಲಿ. ಬೇಕೆಂದೇ ರೈಲು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ಮದ್ದೂರನ್ನೂ ಮಂಡ್ಯವನ್ನೂ ಊರ ಹೊರಗಿನಿಂದ ದಾಟಿಸಿಬಿಡುತ್ತದೆ. ಮೊದಲು ಮೈಸೂರಿಗೆ ಹೋಗುವವನು ಇಷ್ಟವಿಲ್ಲದಿದ್ದರೂ ಮದ್ದೂರಿನ ಪೇಟೆ ನೋಡಬೇಕಿತ್ತು, ಮಂಡ್ಯದ ಸಕ್ಕರೆ ಕಾರ್ಖಾನೆಯ ವಾಸನೆ ಕುಡಿಯಬೇಕಿತ್ತು. ಈಗ ಕಾರಿನವರಿಗೆ ಆ ಊರುಗಳು ಹಸಿರು ಫಲಕದ ಮೇಲಿನ ಹೆಸರುಗಳು ಮಾತ್ರ. ರೈಲು ಇನ್ನೂ ಊರೊಳಗೇ ನಿಲ್ಲುತ್ತದೆ.

ಮಂಡ್ಯದಲ್ಲಿ ಇಳಿದೆವು. ಮಂಡ್ಯ ಜಿಲ್ಲೆ ಹುಟ್ಟಿದ್ದು 1939ರಲ್ಲಿ. ಅದಕ್ಕೆ ಮುಂಚೆ ಇದು ಮೈಸೂರು ಜಿಲ್ಲೆಯ ಭಾಗ, ರಾಗಿ ಹುರುಳಿ ಬೆಳೆಯುವ ಒಣನೆಲ. ನೋಡಿದವರಿಗೆ ಈಗ ನಂಬಿಕೆ ಬರುವುದಿಲ್ಲ. ಕನ್ನಂಬಾಡಿ ಕಟ್ಟೆ, ಅದರಿಂದ ಹೊರಟ ಇರ್ವಿನ್ ನಾಲೆ (ನಾವು ಈಗ ವಿಶ್ವೇಶ್ವರಯ್ಯ ನಾಲೆ ಎನ್ನುವುದು ಇದನ್ನೇ), ಹುಲಿಕೆರೆಯ ಸುರಂಗ, ಇವೆಲ್ಲ ಸೇರಿ 1930ರ ದಶಕದಲ್ಲಿ ಈ ನೆಲದ ಬಣ್ಣ ಬದಲಾಯಿಸಿದವು. ನೀರು ಬಂದ ಮೇಲೆ ಕಬ್ಬು, ಕಬ್ಬಿನ ಹಿಂದೆ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ. ಅದರ ಹಿಂದೆ ದುಡಿದವರಲ್ಲಿ ಒಬ್ಬರು ಲೆಸ್ಲಿ ಕೋಲ್ಮನ್, ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರು, ಹುಟ್ಟಿನಿಂದ ಕೆನಡಾದವರು. ಇಟಲಿಯ ಉತ್ತರದಲ್ಲೂ ಇಂಥದೇ ಒಂದು ಕಥೆ ಇದೆ. ಪೀಡ್‌ಮಾಂಟ್ ಸೀಮೆಯಲ್ಲಿ 1863ರಿಂದ 1866ರವರೆಗೆ ಕಾವೂರ್ ನಾಲೆ ತೋಡಿದರು. ಅದರ ನೀರಿನಲ್ಲಿ ಅಲ್ಲಿ ಬೆಳೆಯುವುದು ಭತ್ತ. ಪ್ರವಾಸದ ಪುಸ್ತಿಕೆಯವರು ವೆನಿಸ್ಸಿನ ಕಾಲುವೆ ತೋರಿಸುತ್ತಾರೆಯೇ ಹೊರತು ಆ ಭತ್ತದ ಗದ್ದೆಯ ಕಾಲುವೆಯನ್ನು ತೋರಿಸುವುದಿಲ್ಲ. ನಮ್ಮ ಕಡೆಯವರನ್ನು ಅಲ್ಲಿ ನಿಲ್ಲಿಸಿದರೆ ಮೊದಲು ಕೇಳುವ ಪ್ರಶ್ನೆ, ‘ಎಷ್ಟು ದಿನಕ್ಕೊಂದು ಸಲ ನೀರು ಬಿಡ್ತಾರೆ?’ ಎಂದೇ.

ಬಸ್ ನಿಲ್ದಾಣದ ಹತ್ತಿರ ತಿಂಡಿ ತಿನ್ನುತ್ತ ನಾನು ‘ತಿಥಿ’ ಚಿತ್ರದ ಮಾತು ತೆಗೆದೆ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಹಳ್ಳಿಯ ಜನರನ್ನೇ ಪಾತ್ರಧಾರಿಗಳನ್ನಾಗಿ ಮಾಡಿಕೊಂಡು ರಾಮ್ ರೆಡ್ಡಿ ತೆಗೆದ ಚಿತ್ರ. 2015ರಲ್ಲಿ ಲೊಕಾರ್ನೊ ಉತ್ಸವದಲ್ಲಿ ಬಹುಮಾನ ಪಡೆಯಿತು. ಲೊಕಾರ್ನೊ ಇರುವುದು ಸ್ವಿಟ್ಜರ್ಲೆಂಡಿನಲ್ಲಾದರೂ ಅಲ್ಲಿಯ ಮಾತು ಇಟಾಲಿಯನ್. ವಿಟ್ಟೋರಿಯೋ ಡಿ ಸಿಕಾ 1948ರಲ್ಲಿ ‘ಬೈಸಿಕಲ್ ಥೀವ್ಸ್’ ತೆಗೆದಾಗ ರೋಮ್‌ನ ಬೀದಿಯ ಜನರನ್ನು ಹಾಗೆಯೇ ಬಳಸಿದ್ದ ಎಂದು ವಿವರಿಸುತ್ತ ಹೋದೆ. ಇವಳು ಸುಮ್ಮನೆ ಇಡ್ಲಿ ಮುರಿಯುತ್ತಿದ್ದಳು. ತಿಥಿ ಎಂಬ ಪದವನ್ನು ನಾನು ಎಷ್ಟು ಸಲ ಆಡಿದೆನೆಂಬುದು ನನಗೆ ಆಮೇಲೆ ಹೊಳೆಯಿತು.

ಮಂಡ್ಯದಿಂದ ಹೊರಗೆ ಒಂದು ಆಲೆಮನೆಗೆ ಹೋದೆವು. ನಾನು ಈ ಹಿಂದೆ ಇಂಥ ಆಲೆಮನೆಯಲ್ಲಿ ಚಿತ್ರೀಕರಣ ಮಾಡಿದ್ದೇನೆ. ಹೊಗೆ, ಆವಿ, ಅದರ ನಡುವೆ ಬೀಳುವ ಬಿಸಿಲುಕೋಲು, ಕ್ಯಾಮೆರಾದವರಿಗೆ ಅದು ಹಬ್ಬ. ಆದರೆ ಒಂದು ಕೊಪ್ಪರಿಗೆ ಮೊದಲಿಂದ ಕೊನೆಯವರೆಗೆ ಕಾಯುವುದನ್ನು ಯಾವತ್ತೂ ಕುಳಿತು ನೋಡಿರಲಿಲ್ಲ. ನಮಗೆ ಬೇಕಾದದ್ದು ನಾಲ್ಕು ನಿಮಿಷ, ಅದು ಸಿಕ್ಕ ಕೂಡಲೇ ಜಾಗ ಖಾಲಿ. ಈ ಸಲ ಒಂದು ಕಲ್ಲಿನ ಮೇಲೆ ಕುಳಿತೆವು. ಗಾಣದಿಂದ ಬಂದ ಕಬ್ಬಿನ ಹಾಲು ಮಣ್ಣಿನ ಬಣ್ಣದ್ದು. ಕಾದಂತೆ ಕೊಳೆ ಮೇಲೆದ್ದು ನೊರೆಯಾಗುತ್ತದೆ, ಚೂರು ಸುಣ್ಣ ಹಾಕಿ ಅದನ್ನು ಜಾಲರಿಯಿಂದ ತೆಗೆದು ಚೆಲ್ಲುತ್ತಾರೆ. ಒಲೆಗೆ ಹಾಕುವುದು ಅದೇ ಕಬ್ಬಿನ ಒಣಗಿದ ರಚ್ಚು. ಹೊರಗಿನ ಸೌದೆ ಬೇಕಿಲ್ಲ, ಕಬ್ಬು ತನ್ನನ್ನು ತಾನೇ ಬೇಯಿಸಿಕೊಳ್ಳುತ್ತದೆ.

ನೀರು ಆವಿಯಾದಂತೆ ಸಕ್ಕರೆಯ ಅಂಶ ಏರುತ್ತದೆ, ಜೊತೆಗೆ ಕುದಿಯುವ ಉಷ್ಣತೆಯೂ ಏರುತ್ತದೆ. ನೂರಕ್ಕೆ ನಿಲ್ಲದೆ ನೂರ ಹದಿನೆಂಟು ಡಿಗ್ರಿಯ ಸುತ್ತಮುತ್ತ ಬಂದಾಗ ಪಾಕ ಹದ. ಒಂದೆರಡು ಡಿಗ್ರಿ ತಪ್ಪಿದರೆ ಬೆಲ್ಲ ಅಚ್ಚಿನಲ್ಲಿ ನಿಲ್ಲುವುದಿಲ್ಲ ಅಥವಾ ಸೀದುಹೋಗುತ್ತದೆ. ಅಲ್ಲಿ ಉಷ್ಣಮಾಪಕ ಇರಲಿಲ್ಲ. ಪಾಕ ನೋಡುವಾತ ಸುಮಾರು ಅರವತ್ತರ ಮನುಷ್ಯ, ಒಂದು ತೊಟ್ಟನ್ನು ನೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡಿದ. ಮೂರನೆಯ ಸಲಕ್ಕೆ ತಲೆಯಾಡಿಸಿದ. ನಾಲ್ವರು ಓಡಿ ಬಂದು ಕೊಪ್ಪರಿಗೆ ಬಗ್ಗಿಸಿದರು. ನನ್ನ ಹೆಂಡತಿ ಬಿಸಿಬೆಲ್ಲವನ್ನು ಕಬ್ಬಿನ ಸಿಪ್ಪೆಯ ಮೇಲೆ ಹಾಕಿಸಿಕೊಂಡು, ಊದಿ ಊದಿ ತಿನ್ನುತ್ತ, “ಅಪ್ಪ ನಮ್ಮನ್ನ ಗಾಡಿ ಮೇಲೆ ಕೂರಿಸ್ಕೊಂಡು ಆಲೆಮನೆಗೆ ಕರ್ಕೊಂಡು ಹೋಗ್ತಿದ್ರು” ಎಂದಳು. ಇಪ್ಪತ್ತು ವರ್ಷದಲ್ಲಿ ನಾನು ಇದನ್ನು ಕೇಳಿದ್ದು ಮೊದಲ ಸಲ. ಅವಳು ಹೇಳಿರಲಿಲ್ಲವೋ, ನಾನು ಕೇಳಿಸಿಕೊಂಡಿರಲಿಲ್ಲವೋ.

ಮಧ್ಯಾಹ್ನ ಮದ್ದೂರು. ಮದ್ದೂರು ವಡೆಯ ಕಥೆ ನಿಮಗೆ ಗೊತ್ತಿರಬಹುದು, ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. 1917ರಲ್ಲಿ ರಾಮಚಂದ್ರ ಬುಧ್ಯ ಎಂಬುವರು ಮದ್ದೂರು ರೈಲು ನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದರು. ಒಂದು ದಿನ ಪಕೋಡ ಕರಿಯಲು ಹೊತ್ತು ಸಾಲದೆ, ಅದೇ ಹಿಟ್ಟನ್ನು ಅಂಗೈಯಲ್ಲಿ ತಟ್ಟಿ ಎಣ್ಣೆಗೆ ಬಿಟ್ಟರಂತೆ. ರೈಲಿನವರಿಗೆ ರುಚಿಸಿತು. ಉದ್ದು ಕಡಲೆ ರುಬ್ಬುವ ತಾಪತ್ರಯವಿಲ್ಲ. ರವೆ, ಮೈದಾ, ಅಕ್ಕಿಹಿಟ್ಟು, ಕೈತುಂಬ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಕಾಸಿದ ಎಣ್ಣೆ. ರೈಲಿನ ವೇಳಾಪಟ್ಟಿಯ ಒತ್ತಡದಲ್ಲಿ ಹುಟ್ಟಿದ ತಿಂಡಿ ಇದು. ಅಂಚು ಗರಿ, ನಡುವೆ ಮೆತ್ತಗೆ, ಮರುದಿನಕ್ಕೂ ಕೆಡುವುದಿಲ್ಲ, ಪ್ರಯಾಣಿಕನಿಗೆ ಇನ್ನೇನು ಬೇಕು? ನನ್ನ ಸ್ವಂತ ಅಭಿಪ್ರಾಯ ಕೇಳಿದರೆ ಅದಕ್ಕೆ ಚಟ್ನಿ ಬೇಡ. ಇವಳು ಒಪ್ಪುವುದಿಲ್ಲ.

ಮದ್ದೂರಿನಲ್ಲಿ ವರದರಾಜಸ್ವಾಮಿಯ ಗುಡಿ ಇದೆ. ವಿಗ್ರಹ ಆಳೆತ್ತರವನ್ನೂ ಮೀರಿದ್ದು, ಕತ್ತೆತ್ತಿಯೇ ನೋಡಬೇಕು. ಕಣ್ಣು ಕೊಟ್ಟ ನಾರಾಯಣ ಎಂದು ಜನ ಕರೆಯುತ್ತಾರೆ. ಹೊಯ್ಸಳ ವಿಷ್ಣುವರ್ಧನನ ತಾಯಿಗೆ ಹೋದ ದೃಷ್ಟಿ ಇಲ್ಲಿ ಮರಳಿತೆಂಬುದು ಐತಿಹ್ಯ. ವಿಜ್ಞಾನ ಓದಿದವನಾಗಿ ನಾನು ಇಂಥ ಕಡೆ ಕಂಬದ ಕೆತ್ತನೆ ನೋಡುತ್ತ ನಿಲ್ಲುವವನು. ಇವಳು ಬಹಳ ಹೊತ್ತು ಕೈಮುಗಿದು ನಿಂತಳು. ಹೊರಗೆ ಬಂದ ಮೇಲೆ ಕೇಳಿದೆ, “ಏನು ಬೇಡಿಕೊಂಡೆ? ನಿನ್ನ ಕಣ್ಣು ಚೆನ್ನಾಗಿಯೇ ಇದೆಯಲ್ಲ.”

“ನಿಮಗೇ ಬೇಡಿಕೊಂಡೆ” ಎಂದಳು.

ಶಿವಪುರಕ್ಕೂ ಹೋಗಿ ಬಂದೆವು. 1938ರ ಏಪ್ರಿಲಿನಲ್ಲಿ, ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಸೇರಿ, ನಿಷೇಧ ಲೆಕ್ಕಿಸದೆ ಧ್ವಜ ಹಾರಿಸಿದ ಜಾಗ. ಸತ್ಯಾಗ್ರಹ ಸೌಧವನ್ನು ನೀವೂ ಒಮ್ಮೆ ನೋಡಿ. ಹೆದ್ದಾರಿಯ ಹೊಸ ದಾರಿ ಬಂದ ಮೇಲೆ ಅಲ್ಲಿಗೂ ಬೇಕೆಂದೇ ಹೋಗಬೇಕು.

ಮರುದಿನ ಬೆಳಿಗ್ಗೆ ಬಾಡಿಗೆ ಆಟೋದಲ್ಲಿ ಕೊಕ್ಕರೆ ಬೆಳ್ಳೂರು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನಮ್ಮ ಪ್ರವಾಸ ತಿರುವು ಪಡೆದದ್ದು ಇಲ್ಲೇ. ಮದ್ದೂರು ತಾಲೂಕಿನ ಈ ಹಳ್ಳಿಗೆ ಚಳಿಗಾಲದಿಂದ ಬೇಸಿಗೆಯವರೆಗೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಬಂದು ಮರಿ ಮಾಡುತ್ತವೆ. ಕಾಡಿನಲ್ಲಲ್ಲ, ಊರ ನಡುವೆ, ಮನೆಯ ಹಿತ್ತಿಲಿನ ಹುಣಸೆಮರಗಳಲ್ಲಿ, ಅತ್ತಿ ಆಲಗಳಲ್ಲಿ. ಜೆರ್ಡನ್ ಎಂಬ ಪಕ್ಷಿತಜ್ಞ 1853ರಷ್ಟು ಹಿಂದೆಯೇ ಈ ಕಡೆಯ ಹೆಜ್ಜಾರ್ಲೆಗಳ ಬಗ್ಗೆ ಬರೆದಿದ್ದಾನೆ. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಹಕ್ಕಿ ಕೂತ ಮರದ ಹುಣಸೆಹಣ್ಣು ಬಡಿಯುವಂತಿಲ್ಲ, ಹಿಕ್ಕೆಯ ವಾಸನೆ ಮನೆಯೊಳಗೆಲ್ಲ. ಆ ಹಿಕ್ಕೆಯನ್ನೇ ಕೆರೆಗೋಡಿನ ಜೊತೆ ಸೇರಿಸಿ ಗದ್ದೆಗೆ ಗೊಬ್ಬರ ಮಾಡಿಕೊಂಡವರು ಈ ಜನ. ಲಾಭ ನಷ್ಟದ ಲೆಕ್ಕ ಸರಿಹೋಗುತ್ತದೆಯೆಂದು ನನಗನ್ನಿಸುವುದಿಲ್ಲ, ಆದರೂ ಅವರು ಹಕ್ಕಿಗಳನ್ನು ಓಡಿಸಿಲ್ಲ.

ಹೆಜ್ಜಾರ್ಲೆಯೊಂದು ರೆಕ್ಕೆ ಹರಡಿ ತೇಲುತ್ತ ಬಂದು ಮರದ ತುದಿಯ ಗೂಡಿಗೆ ಇಳಿಯಿತು. ಮರಿ ತನ್ನ ಕೊಕ್ಕನ್ನಷ್ಟೇ ಅಲ್ಲ, ತಲೆಯನ್ನೇ ತಾಯಿಯ ಗಂಟಲ ಚೀಲದೊಳಗೆ ತೂರಿಸಿ ಮೀನು ಹುಡುಕಿತು. ಮದುವೆಯ ದಿನದ ಪ್ರವಾಸವಲ್ಲವೆ, ನಾನು ನನ್ನ ಜ್ಞಾನ ಪ್ರದರ್ಶಿಸಿದೆ: ಹೆಜ್ಜಾರ್ಲೆ ಜಾತಿಯ ಹಕ್ಕಿಗಳ ದಾಂಪತ್ಯ ಒಂದು ಋತುವಿನ ಮಟ್ಟಿಗೆ, ಮುಂದಿನ ವರ್ಷ ಜೋಡಿ ಬೇರೆಯಾದರೂ ಆಗಬಹುದು. “ಪುಣ್ಯವಂತರು” ಎಂದಳು. ಆಟೋದವನು ನಕ್ಕುಬಿಟ್ಟ.

ಮರದ ಕೆಳಗಿನ ಮನೆಯ ಜಗಲಿಯಲ್ಲಿ ಒಬ್ಬ ಅಜ್ಜಿ ಅವರೆಕಾಯಿ ಬಿಡಿಸುತ್ತಿತ್ತು. ಈ ವಾಸನೆ ಗಲಾಟೆ ಬೇಸರವಿಲ್ಲವೇ ಎಂದು ನಾನು ಕೇಳಿದೆ. ಇದೇ ಪ್ರಶ್ನೆಯನ್ನು ಹಿಂದೆ ಮೈಕು ಹಿಡಿದು ಕೇಳಿದ್ದೆ, ಇದೇ ಉತ್ತರವನ್ನು ಧ್ವನಿಮುದ್ರಿಸಿಕೊಂಡು ಹೋಗಿದ್ದೆ.

“ಬ್ಯಾಸ್ರ ಯಾಕಪ್ಪ? ಹೆಣ್‌ಮಕ್ಳು ತೌರಿಗೆ ಬಾಣಂತನಕ್ಕೆ ಬಂದಂಗೆ ಬಂದವೆ. ಗಬ್ಬು ಅಂತ ಯಾರಾರ ಮಗಳ್ನ ಓಡುಸ್ತಾರಾ?” ಆಮೇಲೆ ಇವಳ ಕಡೆ ತಿರುಗಿ, “ನಿಂದ್ಯಾವೂರವ್ವ?” ಎಂದಿತು.

ಇವಳು ಊರ ಹೆಸರು ಹೇಳಿದಳು.

“ಅಯ್ಯೋ, ಇಲ್ಲೇ ಅಲ್ವಾ ಕಣವ್ವ. ಓಗಿದ್ಯಾ?”

ಇವಳು ಉತ್ತರ ಕೊಡದೆ ಅಜ್ಜಿಯ ಮೊರದಿಂದ ನಾಲ್ಕು ಕಾಯಿ ತೆಗೆದುಕೊಂಡು ಬಿಡಿಸತೊಡಗಿದಳು. ಅಜ್ಜಿಯೂ ಮತ್ತೆ ಕೇಳಲಿಲ್ಲ. ಸುಮಾರು ಹತ್ತು ನಿಮಿಷ ಇಬ್ಬರೂ ಹಾಗೇ ಕುಳಿತಿದ್ದರು. ನಾನು ಮರ ನೋಡುತ್ತ ನಿಂತೆ. ನನ್ನ ಹಳೆಯ ಕಾರ್ಯಕ್ರಮದಲ್ಲಿ ಆ ತವರಿನ ಮಾತು ಚೆನ್ನಾಗಿ ಬಂದಿದೆಯೆಂದು ಎಲ್ಲರೂ ಹೊಗಳಿದ್ದರು. ಅಂದು ಅದು ಪ್ರಸಾರವಾದಾಗ ಮನೆಯಲ್ಲಿ ಕುಳಿತು ನೋಡಿದವಳು ಇವಳೇ.

ಮದ್ದೂರಿಗೆ ವಾಪಸಾಗಿ ಮಳವಳ್ಳಿ ಬಸ್ಸು ಹಿಡಿದೆವು. ಈ ರಸ್ತೆಗೆ ಒಂದು ಇತಿಹಾಸವಿದೆ. ಶಿವನಸಮುದ್ರದಲ್ಲಿ ವಿದ್ಯುತ್ ಕೇಂದ್ರ ಕಟ್ಟುವಾಗ ಯಂತ್ರಗಳು ರೈಲಿನಲ್ಲಿ ಮದ್ದೂರಿಗೆ ಬಂದು, ಅಲ್ಲಿಂದ ಎತ್ತಿನ ಗಾಡಿಗಳ ಮೇಲೆ ಈ ದಿಕ್ಕಿನಲ್ಲೇ ಸಾಗಿದವು. ಕಿಟಕಿಯ ಆಚೆ ರೇಷ್ಮೆಯ ಹಿಪ್ಪುನೇರಳೆ, ಭತ್ತದ ಕೂಳೆ, ಮಧ್ಯೆ ಮಧ್ಯೆ ತೆಂಗು. ಇವಳ ಊರಿಗೆ ತಿರುಗುವ ಕೈಮರ ಬಂತು. ಕಂಡಕ್ಟರ್ ಹೆಸರು ಕೂಗಿದ, ಇಬ್ಬರು ಇಳಿದರು. ನಾನು ಇವಳ ಮುಖ ನೋಡಿದೆ. “ಮೊದಲು ಚುಕ್ಕಿ ನೋಡೋಣ” ಎಂದಳು. ಆ ಕಡೆಯವರು ಗಗನಚುಕ್ಕಿ ಭರಚುಕ್ಕಿಗಳನ್ನು ಬರಿಯ ಚುಕ್ಕಿ ಎನ್ನುವುದು ವಾಡಿಕೆ.

ಗಗನಚುಕ್ಕಿ ಫೆಬ್ರವರಿಯಲ್ಲಿ ನೋಡಬೇಕಾದ ಜಾಗವಲ್ಲ. ಮಳೆಗಾಲದಲ್ಲಿ ಮುನ್ನೂರು ಅಡಿ ಧುಮುಕುವ ಕಾವೇರಿಯನ್ನು ನಾನು ಮೂರು ಸಲ ಚಿತ್ರೀಕರಿಸಿದ್ದೇನೆ, ಕ್ಯಾಮೆರಾದ ಗಾಜಿನ ಮೇಲೆ ಹನಿ ಕೂರದ ಹಾಗೆ ಛತ್ರಿ ಹಿಡಿಸಿದ್ದೇನೆ. ಈಗ ಕಪ್ಪು ಬಂಡೆ, ಅದರ ಮೇಲೆ ನಾಲ್ಕಾರು ಬಿಳಿಯ ಎಳೆಗಳು. ಇದ್ದ ನೀರಿನ ದೊಡ್ಡ ಪಾಲು ವಿದ್ಯುತ್ ಕೇಂದ್ರದ ಕಾಲುವೆಗೆ ಹೋಗುತ್ತದೆ.

ಆ ಕೇಂದ್ರದ ಬಗ್ಗೆ ನಾನು ಹೇಳದೆ ಇರಲಾರೆ. 1892ರಲ್ಲಿ ಇಟಲಿಯವರು ತಿವೋಲಿಯ ಜಲಪಾತದಿಂದ ರೋಮ್ ನಗರಕ್ಕೆ ವಿದ್ಯುತ್ತನ್ನು ತಂತಿಯ ಮೇಲೆ ಸಾಗಿಸಿದರು. ದೂರ ಮೂವತ್ತು ಕಿಲೋಮೀಟರಿಗೂ ಕಡಿಮೆ, ಆದರೂ ಯುರೋಪಿನಲ್ಲಿ ಅದು ದೊಡ್ಡ ಸುದ್ದಿ. ಹತ್ತೇ ವರ್ಷಕ್ಕೆ, 1902ರ ಜೂನ್ ಕೊನೆಯಲ್ಲಿ, ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 92 ಮೈಲಿ, ಅಂದರೆ ಸುಮಾರು 148 ಕಿಲೋಮೀಟರ್ ವಿದ್ಯುತ್ ಹರಿಯಿತು. ಆ ಕಾಲಕ್ಕೆ ಜಗತ್ತಿನ ಬಹು ಉದ್ದದ ಮಾರ್ಗಗಳಲ್ಲಿ ಇದೊಂದು. ಯೋಜನೆಯನ್ನು ಮುಂದೆ ನಿಂತು ನಡೆಸಿದ ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್. ಅದಕ್ಕೆ ಬೆಂಬಲವಾಗಿ ನಿಂತ ದಿವಾನ್ ಕೆ. ಶೇಷಾದ್ರಿ ಅಯ್ಯರ್ 1901ರಲ್ಲೇ ತೀರಿಕೊಂಡರು, ದೀಪ ಹೊತ್ತಿದ್ದನ್ನು ನೋಡಲಿಲ್ಲ. ಬೆಂಗಳೂರಿಗೆ ಬೆಳಕು ಬಂದದ್ದು 1905ರಲ್ಲಿ.

ಅಷ್ಟು ದೂರ ಸಾಗಿಸುವ ಗುಟ್ಟು ಸರಳ. ತಂತಿಯಲ್ಲಿ ಶಾಖವಾಗಿ ಸೋರಿಹೋಗುವ ಶಕ್ತಿ ಪ್ರವಾಹದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. ವೋಲ್ಟೇಜನ್ನು ಹತ್ತುಪಟ್ಟು ಏರಿಸಿದರೆ ಅಷ್ಟೇ ಶಕ್ತಿಗೆ ಹತ್ತನೇ ಒಂದು ಪಾಲು ಪ್ರವಾಹ ಸಾಕು, ಸೋರಿಕೆ ನೂರನೇ ಒಂದು ಪಾಲಿಗೆ ಇಳಿಯುತ್ತದೆ. ಇದನ್ನು ನಾನು ಕಲ್ಲಿನ ಮೇಲೆ ಬೆರಳಲ್ಲಿ ಬರೆದು ತೋರಿಸುತ್ತಿದ್ದೆ. ಇವಳು ಕೇಳಿದಳು:

“ಕೋಲಾರಕ್ಕೆ ಹೋಯಿತು, ಬೆಂಗಳೂರಿಗೆ ಹೋಯಿತು. ನಮ್ಮೂರಿಗೆ ಯಾವಾಗ ಬಂತು ಗೊತ್ತಾ?”

ಗೊತ್ತಿರಲಿಲ್ಲ.

“ಅಪ್ಪ ಮದುವೆ ಆದ್ಮೇಲೆ. ಚಿಕ್ಕವರಿದ್ದಾಗ ರಾತ್ರಿ ಹೊಲ ಕಾಯೋಕೆ ಹೋದರೆ ಈ ಕಡೆ ಆಕಾಶದಲ್ಲಿ ಬೆಳಕು ಕಾಣೋದಂತೆ. ಅದು ಕಾರ್ಖಾನೆ ದೀಪ ಅಂತ ಅವರಜ್ಜ ಹೇಳ್ತಿದ್ರಂತೆ.”

ಮೂರು ಸಲ ಬಂದು, ಮೂರು ಕಾರ್ಯಕ್ರಮ ಮಾಡಿ, ತಜ್ಞರನ್ನೂ ನಿವೃತ್ತ ಎಂಜಿನಿಯರರನ್ನೂ ಮಾತನಾಡಿಸಿದವನು ನಾನು. ಆ ಬೆಳಕನ್ನು ದೂರದಿಂದ ನೋಡಿ ಕತ್ತಲಲ್ಲಿ ಹೊಲ ಕಾಯ್ದವರು ನನ್ನ ಮಾವನೇ ಆಗಿದ್ದರು. ಅವರನ್ನು ಕೇಳಬಹುದೆಂದು ನನಗೆ ಹೊಳೆದಿರಲೇ ಇಲ್ಲ.

“ಈಗ ಹೋಗೋಣ” ಎಂದಳು.

ಕೈಮರದ ಹತ್ತಿರ ಇಳಿದಾಗ ನಾಲ್ಕು ಗಂಟೆ. ಅರ್ಧ ಮೈಲಿ ನಡಿಗೆ. ನಡೆಯುತ್ತ ಇವಳು ಒಂದು ಮಾತು ಹೇಳಿದಳು, ಅದನ್ನು ಇಲ್ಲಿ ಬರೆಯಲು ಅವಳ ಒಪ್ಪಿಗೆ ಪಡೆದಿದ್ದೇನೆ: “ಅಣ್ಣಯ್ಯ ಅಂದದ್ದಕ್ಕೆ ನನಗೆ ಸಿಟ್ಟು ಬರಲಿಲ್ಲ. ಅವನು ಅಂದದ್ದು ನಿಜ ಅನ್ನಿಸಿತು. ಅದಕ್ಕೇ ಬರೋಕೆ ಆಗಲಿಲ್ಲ.”

ಭಾವಮೈದುನ ಹಸುವಿಗೆ ಹುಲ್ಲು ಹಾಕುತ್ತಿದ್ದ. ಕೂದಲು ನೆರೆತಿದೆ. ತಂಗಿಯನ್ನು ನೋಡಿ ಕೈಯಲ್ಲಿದ್ದ ಹುಲ್ಲಿನ ಕಂತೆಯನ್ನು ಹಾಗೇ ಹಿಡಿದುಕೊಂಡು ನಿಂತ. ಆಮೇಲೆ ಒಳಗೆ ಕೂಗಿದ: “ಲೇಯ್, ನೀರು ಕೊಡು, ಮಗ ಬಂದದೆ.” ನನ್ನ ಕಡೆ ನೋಡಿ, “ಬನ್ನಿ ಭಾವ” ಎಂದ. ಹನ್ನೊಂದು ವರ್ಷದ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ. ಅತ್ತಿಗೆ ಅವರೆಕಾಳಿನ ಸಾರಿಗೆ ಇಟ್ಟರು. ಒಳಗೆ ಹೆಂಗಸರ ಅಳು ಸ್ವಲ್ಪ ಹೊತ್ತು ಕೇಳಿಸಿತು, ಬಳಿಕ ನಗುವೂ ಕೇಳಿಸಿತು.

ನಾವಿಬ್ಬರು ಗಂಡಸರು ಜಗಲಿಯ ಮೇಲೆ. ಏನು ಮಾತನಾಡುವುದು? ನೀರು, ಕಬ್ಬಿನ ಬೆಲೆ, ಮಗನ ಓದು. ನಾನು ಧೈರ್ಯ ಮಾಡಿ, ಅವತ್ತು ನಾನು ಬರಬೇಕಿತ್ತು ಎಂದೆ. ಆತ ನೆಲ ನೋಡುತ್ತ ಹೇಳಿದ:

“ಬುಡಿ ಭಾವ. ಅಪ್ಪಂಗೆ ಓದಕ್ಕೆ ಬರ್ತಿರ್ನಿಲ್ಲ ಅಲ್ವಾ? ನಿಮ್ ಕಾರ್ಯಕ್ರಮ ಬಂದ್ರೆ ಊಟ ಬುಟ್ಟು ಕುಂತ್ಕೊಳದು. ಮುಗುದ್ರೂ ಏಳ್ತಿರ್ನಿಲ್ಲ. ಕೊನೇಲಿ ಹೆಸ್ರು ಬತ್ತವಲ್ಲ, ನಮ್ ಮಗಿ ನಿಮ್ ಹೆಸ್ರು ಬಂದೇಟ್ಗೆ ಓದಿ ಹೇಳ್ಬೇಕು. ಆಮ್ಯಾಕೇ ಎದ್ದು ಕೈ ತೊಳ್ಯದು.”

ಓದುಗರೇ, ಕಾರ್ಯಕ್ರಮದ ಕೊನೆಯ ಹೆಸರುಗಳು ಎಷ್ಟು ವೇಗವಾಗಿ ಸರಿದು ಹೋಗುತ್ತವೆಂದು ನೀವು ನೋಡಿದ್ದೀರಿ. ಒಂದು ಹೆಸರಿಗೆ ಎರಡು ಸೆಕೆಂಡು ಸಿಕ್ಕರೆ ಹೆಚ್ಚು. ಸಮಯ ಸಾಲದಾದಾಗ ನಾವು ಮೊದಲು ಕತ್ತರಿಸುವುದೂ ಅದನ್ನೇ. ಎಷ್ಟೋ ಸಲ ನನ್ನ ಕೈಯಾರೆ ಕತ್ತರಿಸಿದ್ದೇನೆ.

ಊಟವಾಯಿತು. ಮುದ್ದೆ ಮುರಿಯುವುದು ನನಗೆ ಇನ್ನೂ ಸರಿಯಾಗಿ ಬರುವುದಿಲ್ಲವೆಂದು ಎಲ್ಲರೂ ನಕ್ಕರು. ಮಾರನೆಯ ದಿನ ನಮ್ಮ ಮದುವೆಯ ದಿನ. ಬೆಳಿಗ್ಗೆ ಎದ್ದು ಗದ್ದೆಯ ಬದುವಿನ ಮೇಲೆ ಮಾವನವರನ್ನು ಮಣ್ಣು ಮಾಡಿದ ಜಾಗಕ್ಕೆ ಹೋಗಿ ಬಂದೆವು. ನನಗೆ ಆ ಸಂಜೆ ಬೆಂಗಳೂರಿನಲ್ಲಿ ಧ್ವನಿಮುದ್ರಣವಿತ್ತು. ಇವಳು ಒಂದು ವಾರ ಇದ್ದು ಬರುತ್ತೇನೆ ಎಂದಳು. ಅತ್ತಿಗೆ ಒಂದು ಚೀಲದಲ್ಲಿ ಅಚ್ಚುಬೆಲ್ಲ, ಅವರೆಕಾಯಿ ತುಂಬಿಕೊಟ್ಟರು. ಕೈಮರದವರೆಗೆ ಮೂವರೂ ಬಂದರು. ಬಸ್ಸು ಬಂತು, ಹತ್ತಿದೆ. ಮದ್ದೂರಿಗೆ ಎಷ್ಟು ಟಿಕೆಟ್ ಎಂದು ಕಂಡಕ್ಟರ್ ಕೇಳಿದ. ಒಂದೇ ಎಂದೆ. ಹಿಂದಿರುಗಿ ನೋಡಿದಾಗ ಅಣ್ಣ ತಂಗಿ ಆಗಲೇ ಊರ ಕಡೆ ತಿರುಗಿ ಏನೋ ಮಾತನಾಡಿಕೊಳ್ಳುತ್ತ ನಡೆದಿದ್ದರು.